ಸ್ಕಿಜೋಫ್ರೀನಿಯದ ಒಳಪಂಗಡಗಳು

ಯೌವನದ ಹೊಸ್ತಿಲಲ್ಲಿ ತಲೆದೋರುವ ಬುದ್ಧಿವಿಭ್ರಮವೊಂದನ್ನು 1871ರಲ್ಲಿ ಮನೋವೈದ್ಯನಾದ ಹೆಕರನು, ಗ್ರೀಕರ ತಾರುಣ್ಯದೇವತೆಯಾದ ಹೀಬೆಯ ನೆನಪಿನಿಂದ, ಹೆಬಿಫ್ರೀನಿಯವೆಂದು ಕರೆದನು. ಮೂರು ವರ್ಷಗಳ ತರುವಾಯ ಅವನಿಗೆ ಗುರುಪ್ರಾಯನಾದ ಕಾಲ್ಬಾಮನು, ಮೇಣದ ಬೊಂಬೆಯಂತೆ ಇರಿಸಿದ ಭಂಗಿಯಲ್ಲಿಯೇ ಉಳಿಯುವ ಮೂಕರೋಗಿಗಳ ಸ್ಥಿತಿಯನ್ನು ಕೆಟಟೋನಿಯವೆಂದನು. ಇವೆರಡನ್ನೂ ಸಂಶಯೋನ್ಮಾದದೊಡನೆ ಸೇರಿಸಿ, ಇವು ಒಂದೇ ವ್ಯಾಧಿಯ ಮೂರು ಮುಖಗಳೆಂದು 1899ರಲ್ಲಿ ಸಾರಿದವನು ಮನೋವೈದ್ಯ ಕ್ರೇಪೆಲಿನ್. ಸ್ವಿಟ್ಜರ್ಲೆಂಡಿನ ಬ್ಲಾಯ್ಲರನು 1908ರಲ್ಲಿ ಅದಕ್ಕೆ ಸ್ಕಿಜೋಫ್ರೀನಿಯವೆಂಬ ಹೆಸರಿತ್ತು, 1911ರ ತನ್ನ ಗ್ರಂಥದ ಶೀರ್ಷಿಕೆಯಲ್ಲಿಯೇ ಅದನ್ನು ಬಹುವಚನದಲ್ಲಿ ಬಳಸಿದನು. (ನಮ್ಮಲ್ಲಿ ರೂಢಿಗೆ ಬಂದ ‘ಇಚ್ಚಿತ್ತ ವಿಕಲತೆ’ಯಾದರೋ ಒಬ್ಬನೊಳಗೆ ಇಬ್ಬರಿರುವರೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ, ನಿಜಕ್ಕೂ ಮುರಿದಿರುವುದು ಆಲೋಚನೆ, ಭಾವ, ಇಚ್ಛೆಗಳ ಹೊಂದಿಕೆ.)

ಈ ವರ್ಗೀಕರಣಕ್ಕೆ ನಾವು ಋಣಿಗಳು. ಏಕೆಂದರೆ ನೆರೆಯವರು ವಿಷವಿಕ್ಕುತ್ತಿರುವರೆಂದು ನಂಬಿ, ಕಾಣದ ದನಿಗಳಿಗೆ ಕಿವಿಗೊಟ್ಟೂ, ತರ್ಕಬದ್ಧವಾಗಿ ಮಾತನಾಡಬಲ್ಲವನಿಗೂ, ಮಾತಿನ ಎಳೆ ಹರಿದು ಅಕಾರಣವಾಗಿ ನಗುವವನಿಗೂ ಇರುವ ಅಂತರವನ್ನು ನೋಡಲು ಅದು ವೈದ್ಯನ ಕಣ್ಣನ್ನು ಪಳಗಿಸಿತು. ಆದರೆ ನೋಡುವ ಉಪಾಯವಾಗಿದ್ದುದನ್ನು ನಿಸರ್ಗವೇ ಹಾಕಿದ ಗೆರೆಯೆಂದು ಭಾವಿಸಿದುದರಲ್ಲಿ ಪ್ರಮಾದವಿದೆ. ಮೊದಲು ಸಂಶಯಪಿಶಾಚಿಗೆ ಸಿಕ್ಕಿದವನೇ ಕೆಲವು ವರ್ಷಗಳಲ್ಲಿ ಅಸಂಬದ್ಧ ಪ್ರಲಾಪಕ್ಕಿಳಿದು, ಕಡೆಗೆ ಯಾವ ಆಸೆಯೂ ಇಲ್ಲದೆ ಮೂಲೆ ಸೇರಿದರೆ, ಅವನಿಗೆ ಬಂದುದು ಮೂರು ರೋಗಗಳೇ? ಎಲ್ಲಿಯೂ ಹೊಂದದವರಿಗಾಗಿ ‘ಅವಿಭೇದಿತ’ವೆಂಬ ಕೋಣೆಯನ್ನು ಕಟ್ಟಿದಂದೇ ಶಾಸ್ತ್ರವು ತನ್ನ ಸೋಲನ್ನು ಅರೆದನಿಯಲ್ಲಿ ಒಪ್ಪಿಕೊಂಡಿತ್ತೆನ್ನಬೇಕು. ಪಂಗಡದ ಹೆಸರು ಕಾಲಾಂತರದಲ್ಲಿ ಸ್ಥಿರವಾಗಿ ನಿಲ್ಲಲಿಲ್ಲ. ಔಷಧದ ಆಯ್ಕೆಗೂ ಹೆಚ್ಚೇನೂ ನೆರವಾಗಲಿಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೆಯ ಆವೃತ್ತಿ ಈ ಪಂಗಡಗಳನ್ನು ಕೈಬಿಟ್ಟಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿಯೂ ಅದೇ ಹಾದಿ ಹಿಡಿಯಿತು. ಈಗ ಭ್ರಮೆ, ಭ್ರಾಂತಿ, ಮಾತಿನ ಅಸಂಬದ್ಧತೆ, ಭಾವಶೂನ್ಯತೆ ಇವುಗಳನ್ನು ಒಂದೊಂದಾಗಿ ಅಳೆಯುವ ಕ್ರಮ ಬಂದಿದೆ. ಅದು ಸತ್ಯಕ್ಕೆ ಹತ್ತಿರವಾದುದು, ಓದಲು ಮಾತ್ರ ದಿನಸಿ ಅಂಗಡಿಯ ಲೆಕ್ಕದಂತೆ ನೀರಸ.

ಆದರೂ ಈ ಪಂಗಡಗಳಲ್ಲಿ ಚಿಕಿತ್ಸೆಗೆ ನಿಜವಾದ ವ್ಯತ್ಯಾಸ ತಂದುದೊಂದಿದೆ, ಅದು ಕೆಟಟೋನಿಯ. ವಿಚಿತ್ರವೆಂದರೆ ಅದೇ ಸ್ಕಿಜೋಫ್ರೀನಿಯದ ಮನೆಗೆ ಮಾತ್ರ ಸೇರಿದುದಲ್ಲವೆಂದು ತಿಳಿದುಬಂದಿತು. ತೀವ್ರ ವಿಷಾದದಲ್ಲಿಯೂ, ಉನ್ಮಾದದಲ್ಲಿಯೂ, ಕೆಲವು ದೇಹರೋಗಗಳಲ್ಲಿಯೂ ಅದು ಕಾಣುತ್ತದೆ. ಅನ್ನ ನೀರು ಬಿಟ್ಟು ನಿಶ್ಚಲನಾಗಿ ಕುಳಿತವನಿಗೆ ವೈದ್ಯನು ಈಗ ಸಾಮಾನ್ಯವಾಗಿ ಲೊರಾಜೆಪಾಮ್ ಎಂಬ ಔಷಧವನ್ನು ಕೊಟ್ಟು ನೋಡುತ್ತಾನೆ. ಎಷ್ಟೋ ವೇಳೆ ಸ್ವಲ್ಪ ಹೊತ್ತಿನಲ್ಲಿಯೇ ತುಟಿ ಅಲುಗುತ್ತದೆ, ನೀರು ಬೇಕೆನ್ನುತ್ತಾನೆ. ಈ ನಿಶ್ಚಲತೆ ಯಾವ ರೋಗದ್ದೆಂಬುದನ್ನು ಆಮೇಲೆ ಅವನನ್ನೇ ಕೇಳಿ ತಿಳಿಯಲು ತೊಡಗಬಹುದು.