ಹಕ್ಕಿ ಪುಸ್ತಕ, ಕಾಲುವೆ ಏರಿ ಮತ್ತು ಬೆಳಕು

ಸಲೀಂ ಅಲಿಯವರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' ಮೊದಲು ಪ್ರಕಟವಾದದ್ದು 1941ರಲ್ಲಿ. ನಮ್ಮ ಅನೇಕ ಪಕ್ಷಿವೀಕ್ಷಕರಿಗೆ ಅದೇ ಮೊದಲ ಗುರು. ವಸಂತದಲ್ಲಿ ಮಂಡ್ಯದ ವಿಶ್ವೇಶ್ವರಯ್ಯ ನಾಲೆಯಂಥ ಕಾಲುವೆಯ ಏರಿಯ ಮೇಲೆ ವಿದ್ಯಾರ್ಥಿಗಳೊಂದಿಗೆ ನಡೆಯುವ ಶಿಕ್ಷಕರಿಗೆ ಈ ಪುಸ್ತಕ ಎಷ್ಟು ನೆರವಾಗುತ್ತದೆ? ಭೌತವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸೋಣ.

ಪುಸ್ತಕದ ದೊಡ್ಡ ಗುಣವೆಂದರೆ ಅದರ ಅಳತೆಯ ಕ್ರಮ. ಹಕ್ಕಿಯ ಗಾತ್ರವನ್ನು ಗುಬ್ಬಚ್ಚಿ, ಗೊರವಂಕ, ಕಾಗೆಗಳಿಗೆ ಹೋಲಿಸಿ ಹೇಳಲಾಗಿದೆ. ಎಲ್ಲರಿಗೂ ಪರಿಚಿತವಾದ ಮಾನಕವನ್ನು ಆರಿಸಿಕೊಳ್ಳುವುದೇ ಮಾಪನದ ಮೊದಲ ಪಾಠ. ಆದರೆ ಈ ಹೋಲಿಕೆಗೆ ದೂರ ತಿಳಿದಿರಬೇಕು. 20 ಮೀಟರ್ ದೂರದ 15 ಸೆಂ.ಮೀ. ಗುಬ್ಬಚ್ಚಿಯೂ 30 ಮೀಟರ್ ದೂರದ 23 ಸೆಂ.ಮೀ. ಗೊರವಂಕವೂ ನಮ್ಮ ಕಣ್ಣಿನಲ್ಲಿ ಉಂಟುಮಾಡುವ ಕೋನ ಹೆಚ್ಚುಕಡಿಮೆ ಒಂದೇ, ಸುಮಾರು 0.4 ಡಿಗ್ರಿ. ಆದ್ದರಿಂದ ಕಾಲುವೆಯ ಅಗಲವನ್ನು ಮೊದಲೇ ಅಳೆದಿಟ್ಟುಕೊಳ್ಳಿ. ಆಚೆ ದಡದ ಹಕ್ಕಿಯ ಗಾತ್ರವನ್ನು ಆಗ ಧೈರ್ಯವಾಗಿ ಹೇಳಬಹುದು.

ತೊಡಕಿರುವುದು ಬಣ್ಣದ ಚಿತ್ರಗಳಲ್ಲಿ. ಅಚ್ಚಾದ ಚಿತ್ರ ಒಂದೇ ಬೆಳಕಿನ ಹಕ್ಕಿಯನ್ನು ತೋರಿಸಬಲ್ಲದು. ಹೊಂಗೆ ಹೂವಿಗೆ ಬರುವ ಗಂಡು ಸೂರಕ್ಕಿಯನ್ನೇ ನೋಡಿ. ವಸಂತದಲ್ಲಿ ಅದರ ಮೈ ಲೋಹದಂತೆ ನೀಲಿ-ನೇರಳೆಯಾಗಿ ಹೊಳೆಯುತ್ತದೆ. ಈ ಹೊಳಪು ಬರೀ ವರ್ಣದ್ರವ್ಯದ್ದಲ್ಲ. ಗರಿಯೊಳಗಿನ ಅತಿ ತೆಳುವಾದ ಪದರಗಳಿಂದ ಪ್ರತಿಫಲಿಸಿದ ಅಲೆಗಳ ವ್ಯತಿಕರಣದಿಂದ ಅದು ಹುಟ್ಟುತ್ತದೆ, ಸಾಬೂನಿನ ಗುಳ್ಳೆಯಲ್ಲಿ ಬಣ್ಣ ಕಾಣುವಂತೆ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಹಕ್ಕಿ ಹೊಳೆಯುತ್ತದೆ, ಎದುರಿಗಿದ್ದರೆ ಬರೀ ಕಪ್ಪು. ಸಂತಾನದ ಕಾಲ ಮುಗಿದ ಮೇಲೆ ಅದೇ ಗಂಡು, ಎದೆಯ ಮೇಲಿನ ಕಪ್ಪು ಪಟ್ಟೆಯೊಂದನ್ನು ಬಿಟ್ಟರೆ, ಹೆಣ್ಣಿನಂತೆ ಮಾಸಲಾಗುತ್ತದೆ. ಚಿತ್ರವನ್ನಷ್ಟೇ ನಂಬಿದ ವಿದ್ಯಾರ್ಥಿ ಒಂದು ಹಕ್ಕಿಗೆ ಮೂರು ಹೆಸರು ಬರೆದಾನು!

ಈ ದೋಷದಲ್ಲಿ ಲೇಖಕರ ಪಾಲು ಕಡಿಮೆ, ಓದುವ ನಮ್ಮ ಪಾಲೇ ಹೆಚ್ಚು. ಹಕ್ಕಿಯ ವಾಸ, ಆಹಾರ, ನಡವಳಿಕೆ, ಗೂಡುಗಳ ಬಗ್ಗೆ ಸಲೀಂ ಅಲಿ ಸೊಗಸಾಗಿ ಬರೆದಿದ್ದಾರೆ. ನಾವು ಅದನ್ನು ಬಿಟ್ಟು ಚಿತ್ರದ ಪುಟಕ್ಕೆ ಹಾರುತ್ತೇವೆ. ಎಷ್ಟು ಜಾತಿ ಕಂಡಿರಿ ಎಂದು ಕೇಳುವ ಶಿಕ್ಷಕರು, ಹೇಗೆ ಗುರುತಿಸಿದಿರಿ ಎಂದು ಕೇಳುವುದು ಅಪರೂಪ. ಹೀಗೆ ತಯಾರಾದ ಪಟ್ಟಿಗಳು ಇಂದು ಅಂತರಜಾಲದ ದತ್ತಸಂಗ್ರಹಗಳನ್ನೂ ಸೇರುತ್ತವೆ. ಹಕ್ಕಿಗಳ ಸಂಖ್ಯೆ ಇಳಿಯುತ್ತಿದೆಯೇ, ಏರುತ್ತಿದೆಯೇ ಎಂಬ ತೀರ್ಮಾನಕ್ಕೆ ಅವೇ ಆಧಾರ. ಆದ್ದರಿಂದ ತಪ್ಪು ಹೆಸರು ಸಣ್ಣ ವಿಷಯವಲ್ಲ.

ಪುಸ್ತಕವನ್ನು ಚೀಲದಲ್ಲಿ ಖಂಡಿತ ಒಯ್ಯಿರಿ. ಉತ್ತರ-ದಕ್ಷಿಣವಾಗಿ ಹರಿಯುವ ಕಾಲುವೆಯಾದರೆ ಬೆಳಗ್ಗೆ ಪೂರ್ವದ ಏರಿಯಲ್ಲಿ, ಸಂಜೆ ಪಶ್ಚಿಮದ ಏರಿಯಲ್ಲಿ ನಿಂತು ಆಚೆ ದಡವನ್ನು ನೋಡಿ. ಟಿಪ್ಪಣಿಯಲ್ಲಿ ಹೊತ್ತು, ಸೂರ್ಯನ ದಿಕ್ಕು, ದೂರ, ಹಕ್ಕಿ ಮಾಡುತ್ತಿದ್ದ ಕೆಲಸ ಇವು ಮೊದಲು ಬರಲಿ, ಹೆಸರು ಕೊನೆಗೆ. ಖಚಿತವಿಲ್ಲದಿದ್ದರೆ ಆ ಜಾಗ ಖಾಲಿಯೇ ಇರಲಿ. ಅಂಥ ಖಾಲಿ ಜಾಗಕ್ಕೂ ಶಿಕ್ಷಕರು ಅಂಕ ಕೊಡಬೇಕು.