ಗಣಿಪಟ್ಟಣದ ದಾಖಲೆಗಳು: ಆಕರವಿಮರ್ಶೆಯ ಒಂದು ಪ್ರಶ್ನೆ

ಗಣಿಪಟ್ಟಣವೊಂದರ ಚರಿತ್ರೆಯನ್ನು ಬರೆಯಹೊರಡುವವನಿಗೆ ಆಕರಗಳ ಅಭಾವವೇನೂ ಇರದು. ಆ ಆಕರಗಳು ಯಾರ ಪರವಾಗಿ ಮಾತನಾಡುತ್ತವೆಂಬುದೇ ತೊಡಕಿನ ಪ್ರಶ್ನೆ. ಗಣಿಯ ಒಡೆಯರು ಲೆಕ್ಕಪತ್ರಗಳನ್ನಿಟ್ಟರು. ಸರ್ಕಾರವು ವರದಿಗಳನ್ನು ತರಿಸಿಕೊಂಡಿತು. ನೆಲದಡಿಗೆ ಇಳಿದವರು ಬರೆದಿಟ್ಟುದು ಮಾತ್ರ ಅತ್ಯಲ್ಪ. ಈ ಕೊರತೆಯನ್ನು ನೀಗಲೆಂದು ಕೆಲವು ಗಣಿಪಟ್ಟಣಗಳಲ್ಲಿ ಊರಿನವರೇ ವೇತನದ ಅಪೇಕ್ಷೆಯಿಲ್ಲದೆ ದಾಖಲೆಗಳನ್ನು ಕೂಡಿಸಿಟ್ಟಿದ್ದಾರೆ. ಇಂತಹ ಸಂಗ್ರಹವನ್ನು ಯಾವ ಒರೆಗಲ್ಲಿಗೆ ಹಚ್ಚಿ ನೋಡಬೇಕು, ನಮ್ಮ ಕೋಲಾರದ ಚಿನ್ನದ ಗಣಿಗಳ ಮಟ್ಟಿಗೆ ಅದರಿಂದ ಕಲಿಯತಕ್ಕುದೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಇಂಗ್ಲೆಂಡಿನ ಸ್ಪೆನ್ನಿಮೂರ್ ಎಂಬ ಸಣ್ಣ ಪಟ್ಟಣದ ಪುರಭವನದಲ್ಲಿ ನೆಲೆಗೊಂಡಿದ್ದ ಡರ್ಹಮ್ ಗಣಿ ವಸ್ತುಸಂಗ್ರಹಾಲಯವನ್ನು ಮೊದಲು ನೋಡಬಹುದು. ಅದರ ಸ್ವಯಂಸೇವಕರು ಗಣಿಗಳಲ್ಲಿ ಮಡಿದವರ ಹೆಸರು, ವಯಸ್ಸು, ಕೆಲಸ, ಗಣಿ, ದಿನಾಂಕಗಳನ್ನು ಒಂದೊಂದಾಗಿ ಪಟ್ಟಿಮಾಡಿದರು. 83 ಮಂದಿಯನ್ನು ಬಲಿತೆಗೆದುಕೊಂಡ 1951ರ ಈಸಿಂಗ್ಟನ್ ಸ್ಫೋಟವನ್ನು ಯಾವ ಚರಿತ್ರಕಾರನೂ ಮರೆಯಲಾರ; ಒಬ್ಬನೇ ಸತ್ತ ಅಪಘಾತವನ್ನು ನೆನೆಯುವವರಾರು? ಆ ಒಬ್ಬನಿಗೂ ಒಂದು ಸಾಲನ್ನು ಕೊಟ್ಟುದು ಈ ಪಟ್ಟಿಯ ದೊಡ್ಡ ಗುಣ. ಅದರ ಮಿತಿಯೂ ಅಲ್ಲಿಯೇ ಇದೆ. ಗಣಿ ತನಿಖಾಧಿಕಾರಿಗಳ ವರದಿ, ವೃತ್ತಪತ್ರಿಕೆ ಮೊದಲಾದವುಗಳಿಂದ ಆಯ್ದ ಪಟ್ಟಿಯಲ್ಲಿ ಕೆಲಸಗಾರನು ಪ್ರವೇಶಿಸುವುದು ಸತ್ತ ಮೇಲೆ. ಅವನು ಬದುಕಿದ ಬಗೆ ಅಲ್ಲಿ ಕಾಣದು.

ಈ ಗುಣದೋಷಗಳೆರಡನ್ನೂ ನೆನಪಿನಲ್ಲಿಟ್ಟು ಕೋಲಾರದ ಕಡೆಗೆ ತಿರುಗಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತ ಆರಂಭವಾದುದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದುದು, 1956ರಲ್ಲಿ ಗಣಿಗಳು ರಾಷ್ಟ್ರೀಕರಣಗೊಂಡುದು, 2001ರಲ್ಲಿ ಮುಚ್ಚಿದುದು ಎಲ್ಲರೂ ಬಲ್ಲ ಸಂಗತಿಗಳು. ಒಟ್ಟು 800 ಟನ್ನಿಗೂ ಮಿಕ್ಕಿ ಚಿನ್ನ ದೊರೆಯಿತೆಂಬ ಲೆಕ್ಕವೂ ಉಂಟು. ಆದರೆ ಕಲ್ಲುಧೂಳನ್ನು ಉಸಿರಾಡಿ ಸಿಲಿಕೋಸಿಸ್ ರೋಗಕ್ಕೆ ತುತ್ತಾಗಿ, ವರ್ಷಗಳ ತರುವಾಯ ಮನೆಯ ಮೂಲೆಯಲ್ಲಿ ಮಡಿದವನು ಅಪಘಾತಗಳ ಪಟ್ಟಿಗೂ ಸಿಕ್ಕುವುದಿಲ್ಲ. ಅವನ ಸಾಕ್ಷ್ಯ ಇರುವುದು ಮನೆಯ ಟ್ರಂಕಿನಲ್ಲಿ ಉಳಿದ ಆಸ್ಪತ್ರೆಯ ಚೀಟಿಯಲ್ಲಿ, ಹೆಂಡತಿ ಮಕ್ಕಳ ಮಾತಿನಲ್ಲಿ. ಇದನ್ನು ತಲುಪಬಲ್ಲವರು ನೆರೆಹೊರೆಯವರೇ ಹೊರತು ದೂರದ ಸಂಶೋಧಕರಲ್ಲ.

ಹಾಗೆಂದು ಕೂಡಿಸಿದುದೆಲ್ಲ ಪ್ರಮಾಣವಾಗದು. ಗಣಿಯ ಕೆಲಸಗಾರರು ದಾಖಲೆಯನ್ನು ಶಂಕಿಸಲು ಕಾರಣವಿತ್ತು. ಬೆರಳಚ್ಚು ತೆಗೆದು ತಮ್ಮನ್ನು ನೋಂದಾಯಿಸುವ ಕ್ರಮವನ್ನು ವಿರೋಧಿಸಿ ಅವರು 1930ರಲ್ಲಿ ಮುಷ್ಕರ ಹೂಡಿದರು. ಈ ಮುಷ್ಕರವನ್ನು ಜಾನಕಿ ನಾಯರ್ ಅವರು ಸವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಇದನ್ನು ಕೇವಲ ಕಾರ್ಮಿಕ ಚಳವಳಿಯ ಒಂದು ಘಟನೆಯೆಂದು ಕಂಡರೆ ಸಾಲದು. ತನ್ನ ಗುರುತು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯನ್ನೂ ಅದು ಎತ್ತಿತು. ಆ ಪ್ರಶ್ನೆ ಊರಿನ ದಾಖಲೆಸಂಗ್ರಹಕ್ಕೂ ಅನ್ವಯಿಸುತ್ತದೆ. ಕೊಟ್ಟವರ ಒಪ್ಪಿಗೆಯಿಲ್ಲದೆ ಪ್ರಕಟವಾದ ಚೀಟಿ, ಸಂಗ್ರಾಹಕನ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಹಳೆಯ ನೋಂದಣಿ ಪುಸ್ತಕದ ಮತ್ತೊಂದು ಪುಟವೇ ಆದೀತು.

ಕ್ರಮಕ್ಕಾಗಿ ನಾವು ದೂರ ಹೋಗಬೇಕಿಲ್ಲ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನಸಂಪುಟದಲ್ಲಿ ಪಾಠದೊಡನೆ ಊರನ್ನೂ ಕಲ್ಲು ನಿಂತ ಜಾಗವನ್ನೂ ಹೇಳುವ ಪದ್ಧತಿಯಿದೆ. ನೆಲೆಯನ್ನು ಕಳೆದುಕೊಂಡ ಶಾಸನದ ಅರ್ಥ ಅರ್ಧಕ್ಕೆ ಇಳಿಯುತ್ತದೆಂಬುದು ಶಾಸನಜ್ಞರ ಅನುಭವ. ಛಾಯಾಚಿತ್ರ, ಸಂಬಳದ ಚೀಟಿ, ಸಂಘದ ಕರಪತ್ರಗಳಿಗೂ ಇದೇ ನಿಯಮ ಸಲ್ಲುತ್ತದೆ. ಕೊಟ್ಟವರು ಯಾರು, ಅದು ಯಾವ ಲೈನಿನ ಮನೆಯಲ್ಲಿತ್ತು, ಅದನ್ನು ಕುರಿತು ಅವರು ಹೇಳಿದುದೇನು ಎಂಬುದನ್ನು ಅಂದೇ ಬರೆದಿಡದಿದ್ದರೆ, ಅದು ನೆನಪಿನ ಅಲಂಕಾರವಾದೀತೇ ಹೊರತು ಆಕರವಾಗದು. ಹೆಸರನ್ನು ಮರೆಮಾಡಬೇಕೆಂದು ಕೊಟ್ಟವರು ಬಯಸಿದರೆ ಅದನ್ನೂ ಗುರುತಿಸಿ ಪಾಲಿಸಬೇಕು.

ಭಾಷೆಯ ವಿಷಯವೂ ಗಮನಾರ್ಹ. ಗಣಿಯ ಕೆಲಸಗಾರರಲ್ಲಿ ಬಹುಮಂದಿ ತಮಿಳರು. ತೆಲುಗು, ಕನ್ನಡಗಳನ್ನಾಡುವವರೂ ಇದ್ದರು. ಅವರ ಹೇಳಿಕೆಗಳನ್ನು ಕನ್ನಡಕ್ಕೆ ತಂದು ಮೂಲವನ್ನು ಕೈಬಿಡುವುದು ಮಾತೃಕೆಯನ್ನು ಎಸೆದು ಪ್ರತಿಯನ್ನು ಪೂಜಿಸಿದಂತೆ. ಮೂಲವನ್ನು ಉಳಿಸಿಕೊಂಡು ಅದರ ಪಕ್ಕದಲ್ಲಿ ಅನುವಾದವನ್ನಿಡುವುದು ಯುಕ್ತ.

ಗಣಿ ಮುಚ್ಚಿ ಎರಡು ದಶಕಗಳಿಗೂ ಮೀರಿದೆ. ಅಂದು ನಡುವಯಸ್ಸಿನಲ್ಲಿದ್ದವರು ಇಂದು ವೃದ್ಧರು. ಅಲ್ಲಿಯ ಕಾಗದಗಳನ್ನು ಹೊತ್ತು ನಗರದ ಕಪಾಟುಗಳನ್ನು ತುಂಬುವುದು ವಿಶ್ವವಿದ್ಯಾನಿಲಯದ ಕೆಲಸವಲ್ಲ. ಅವುಗಳನ್ನು ಇದ್ದಲ್ಲಿಯೇ ಗುರುತಿಸಿ, ಪಟ್ಟಿಮಾಡಿ, ಕಾಪಾಡುವ ಕ್ರಮವನ್ನು ಊರಿನವರೊಡನೆ ಕುಳಿತು ರೂಪಿಸುವುದೇ ಅದರ ಕರ್ತವ್ಯ.