ಮೊದಲ ವಿಜ್ಞಾನಪಾಠದ ಭಾಷೆ

ಹಿರಿಯ ಪ್ರಾಥಮಿಕ ತರಗತಿಗಳ ವಿಜ್ಞಾನ ಪಠ್ಯಗಳ ಮೇಲೆ ಕನ್ನಡದ ವಿದ್ಯಾವಂತರು ಹೊರಿಸುತ್ತ ಬಂದಿರುವ ದೂರು ಒಂದೇ: ಅವುಗಳ ಪರಿಭಾಷೆ ಕಠಿನವೆಂಬುದು. ದ್ಯುತಿಸಂಶ್ಲೇಷಣೆ ಎಂಬ ಶಬ್ದ ಈ ದೂರಿಗೆ ಬಹುಕಾಲದಿಂದ ಸಾಕ್ಷಿ ನಿಂತಿದೆ. ಹನ್ನೊಂದು ಹನ್ನೆರಡು ವರ್ಷದ ಮಗುವಿನ ನಾಲಗೆ ಇದಕ್ಕೆ ಹೊರಳದು. ಆದುದರಿಂದ ಕನ್ನಡದಲ್ಲಿ ವಿಜ್ಞಾನ ನಡೆಯದು ಎಂಬ ತೀರ್ಮಾನಕ್ಕೆ ಅಲ್ಲಿಂದ ಒಂದೇ ಹೆಜ್ಜೆ. ಕರ್ನಾಟಕದಿಂದ ದೂರ ನೆಲಸಿದವರ ಕೂಟಗಳಲ್ಲಿ ಈ ತೀರ್ಮಾನಕ್ಕೆ ಒಪ್ಪಿಗೆ ಇನ್ನೂ ಸುಲಭ. ಅಲ್ಲಿಯ ಮಕ್ಕಳು ಹೇಗೂ ಕನ್ನಡದಲ್ಲಿ ವಿಜ್ಞಾನವನ್ನು ಓದುವವರಲ್ಲ. ವಡೋದರದ ವಿಶ್ವವಿದ್ಯಾನಿಲಯದ ಮಗ್ಗುಲಿನ ಫತೇಗಂಜ್‌ನಲ್ಲಿ ಬೆಳೆಯುವ ಕನ್ನಡದ ಮಗು ಶಾಲೆಯಲ್ಲಿ ಇಂಗ್ಲಿಷನ್ನೋ ಗುಜರಾತಿಯನ್ನೋ ಓದಿ, ಮನೆಗೆ ಬಂದು ಕನ್ನಡವನ್ನಾಡುತ್ತದೆ. ಪಾಠ ಒಂದು ಭಾಷೆಯದು, ಊಟ ಇನ್ನೊಂದರದು. ಈ ವಿಭಜನೆಯನ್ನು ಹೆತ್ತವರು ಸಹಜವೆಂದೇ ಭಾವಿಸಿರುವಂತೆ ತೋರುತ್ತದೆ. ಅದನ್ನು ಒಪ್ಪುವ ಮೊದಲು, ಆ ಮೂಲ ದೂರಿನಲ್ಲಿ ಹುರುಳೆಷ್ಟು ಎಂಬುದನ್ನು ಪರೀಕ್ಷಿಸುವುದು ಯುಕ್ತ.

ದ್ಯುತಿಸಂಶ್ಲೇಷಣೆ ಎಂಬ ಶಬ್ದದಿಂದ ಮಗುವಿಗೆ ತೊಡಕಾಗಬಹುದು, ತಪ್ಪು ತಿಳಿವಳಿಕೆ ಮಾತ್ರ ಆಗುವುದಿಲ್ಲ. ಅದು ಮಗು ಹಿಂದೆಂದೂ ಬಳಸದ ಪಾತ್ರೆ. ಪಾಠ ಏನನ್ನು ತುಂಬುತ್ತದೆಯೋ ಅದೇ ಅದರಲ್ಲಿ ನಿಲ್ಲುತ್ತದೆ. ಕೆಡುಕೆಲ್ಲ ಇರುವುದು ಯಾರೂ ದೂರದ ಸುಲಭ ಶಬ್ದಗಳಲ್ಲಿ. ಬಲ, ಶಕ್ತಿ, ತಾಪ, ಒತ್ತಡ ಇವು ಮಗು ಶಾಲೆಗೆ ಬರುವಾಗಲೇ ತುಂಬಿಸಿಕೊಂಡು ತಂದಿರುವ ಪಾತ್ರೆಗಳು. ಬಲ ಎಂದರೆ ಜಟ್ಟಿಯ ತೋಳಿನಲ್ಲಿರುವುದು, ಎಡಕ್ಕೆ ಇದಿರಾದ ಪಕ್ಕವೂ ಅದೇ. ಶಕ್ತಿ ಎಂದರೂ ಜಟ್ಟಿಯ ತೋಳಿನಲ್ಲಿರುವುದೇ, ಗುಡಿಯಲ್ಲಿರುವ ದೇವಿಯೂ ಅದೇ. ಆಡುಮಾತಿನಲ್ಲಿ ಒಂದರ ಬದಲು ಇನ್ನೊಂದನ್ನು ಇಟ್ಟರೆ ಅರ್ಥ ಕೆಡುವುದಿಲ್ಲ. ಪಠ್ಯಪುಸ್ತಕ ಬಂದು, ಇವೆರಡೂ ಬೇರೆ ಬೇರೆ ಪರಿಮಾಣಗಳು, ಇವುಗಳ ಏಕಮಾನಗಳೂ ಬೇರೆ ಎಂದು ಎರಡು ಸಾಲಿನ ಲಕ್ಷಣವಾಕ್ಯದಲ್ಲಿ ಹೇಳಿಬಿಡುತ್ತದೆ. ಮಗು ಆ ವಾಕ್ಯವನ್ನು ಬಾಯಿಪಾಠ ಮಾಡುತ್ತದೆ, ಹಳೆಯ ಅರ್ಥವನ್ನೂ ಬಿಡುವುದಿಲ್ಲ.

ಈ ಬಲವೆಂಬುದನ್ನೇ ಸ್ವಲ್ಪ ವಿಸ್ತರಿಸಿ ನೋಡಬಹುದು. ಕನ್ನಡದಲ್ಲಿ ಬಲ 'ಇರುವ' ವಸ್ತು. ಒಬ್ಬನಲ್ಲಿ ಹೆಚ್ಚು, ಇನ್ನೊಬ್ಬನಲ್ಲಿ ಕಡಿಮೆ. ಭೌತವಿಜ್ಞಾನದ ಬಲ ಯಾರ ಸ್ವತ್ತೂ ಅಲ್ಲ. ಎರಡು ವಸ್ತುಗಳ ನಡುವೆ ನಡೆಯುವ ವ್ಯವಹಾರ ಅದು. ಕನ್ನಡ ಈ ವ್ಯವಹಾರವನ್ನು ನಾಮಪದದಲ್ಲಿ ಇಟ್ಟಿಲ್ಲ, ಕ್ರಿಯಾಪದಗಳಲ್ಲಿ ಇಟ್ಟಿದೆ: ತಳ್ಳು, ನೂಕು, ಎಳೆ, ಸೆಳೆ, ಒತ್ತು, ಜಗ್ಗು. ಜನವರಿ 14ರ ಉತ್ತರಾಯಣದ ದಿನ ಫತೇಗಂಜ್‌ನ ಮಾಳಿಗೆಯ ಮೇಲೆ ಗಾಳಿಪಟ ಹಿಡಿದು ನಿಂತ ಹುಡುಗನಿಗೆ ಈ ಕ್ರಿಯಾಪದಗಳೆಲ್ಲ ಬೆರಳ ತುದಿಯಲ್ಲಿವೆ. ಗಾಳಿ ಪಟವನ್ನು ತಳ್ಳುತ್ತದೆ, ದಾರ ಎಳೆಯುತ್ತದೆ, ಭೂಮಿ ಕೆಳಕ್ಕೆ ಸೆಳೆಯುತ್ತದೆ. ಮೂರೂ ಸರಿದೂಗಿದಾಗ ಪಟ ನಿಂತಲ್ಲೇ ನಿಲ್ಲುತ್ತದೆ. ಪಕ್ಕದ ಮಾಳಿಗೆಯವನ ಗಾಜುಪುಡಿಯ ಮಾಂಜಾ ದಾರವನ್ನು ಕುಯ್ದೊಡನೆ ಎಳೆತ ಇಲ್ಲವಾಗುತ್ತದೆ, ಪಟ ಗಾಳಿಯ ಪಾಲಾಗುತ್ತದೆ. ಅಷ್ಟು ಹೊತ್ತು ಕೈಗೆ ತಿಳಿಯುತ್ತಿದ್ದ ಜಗ್ಗಾಟ ಪಟದೊಳಗೆ ಉಳಿದು ಅದರೊಂದಿಗೆ ಹೋಗಲಿಲ್ಲ. ದಾರ ತುಂಡಾದ ಕ್ಷಣದಲ್ಲೇ ಅದು ಮುಗಿಯಿತು. ಚಲಿಸುವ ವಸ್ತುವಿನೊಳಗೆ ಬಲ ಸೇರಿಕೊಂಡಿರುತ್ತದೆ ಎಂಬುದು ಹಿರಿಯರನ್ನೂ ಬಿಡದ ಭ್ರಮೆ. ಅದನ್ನು ಕಳೆಯಲು ಇದಕ್ಕಿಂತ ಉತ್ತಮವಾದ ಉಪಕರಣ ಶಾಲೆಯ ಕಪಾಟಿನಲ್ಲಿ ಸಿಕ್ಕುವುದು ಅಪರೂಪ. ಆದರೆ ಹುಡುಗ ಮಾಳಿಗೆಯ ಮೇಲೆ ಎಳೆಯುತ್ತಾನೆ, ಪುಸ್ತಕದಲ್ಲಿ ಬಲವನ್ನು ಓದುತ್ತಾನೆ. ಎರಡೂ ಒಂದೇ ಎಂದು ಅವನಿಗೆ ಹೇಳುವವರಿಲ್ಲ.

ಇಲ್ಲಿ ಗುಜರಾತಿಯ ಪರಿಭಾಷೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಬಲಕ್ಕೆ ಅಲ್ಲಿಯೂ ಬಳ್ ಎಂದೇ ಹೆಸರು. ಆದರೆ ಕನ್ನಡ ಪಠ್ಯಗಳು ಶಕ್ತಿ ಎನ್ನುವಲ್ಲಿ ಗುಜರಾತಿ ಪಠ್ಯಗಳು ಊರ್ಜಾ ಎಂಬ ಶಬ್ದವನ್ನು ಹಿಡಿದಿವೆ. ಊರ್ಜಾ ಅಡುಗೆಮನೆಯಲ್ಲಿ ಓಡಾಡುವ ಮಾತಲ್ಲ. ಆ ಅಪರಿಚಿತತೆಯೇ ಅದರ ಗುಣವಾಯಿತು. ಸರಳವೆಂದು ಕನ್ನಡ ಆರಿಸಿಕೊಂಡದ್ದು ಇಲ್ಲಿ ಗೊಂದಲಕ್ಕೆ ಎಡೆಮಾಡಿತು, ಕಠಿನವೆಂದು ತೋರುವ ಗುಜರಾತಿ ಶಬ್ದ ಗೊಂದಲವನ್ನು ತಪ್ಪಿಸಿತು. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಕನ್ನಡದಲ್ಲಿ ದ್ರವ್ಯರಾಶಿ ಎನಿಸಿಕೊಂಡದ್ದು ಗುಜರಾತಿಯಲ್ಲಿ ದಳ್. ಕನ್ನಡದ ಕಿವಿಗೆ ದಳವೆಂದರೆ ಹೂವಿನ ಎಸಳು, ಇಲ್ಲವೇ ಸೇನೆ. ದ್ರವ್ಯರಾಶಿಯಾದರೋ ವಸ್ತು ಎಷ್ಟು ಕೂಡಿದೆ ಎಂಬುದನ್ನು ತಾನೇ ಹೇಳಿಬಿಡುತ್ತದೆ. ಕಣದಲ್ಲಿ ರಾಶಿ ಕಂಡವರ ಮನೆಯ ಮಗುವಿಗೆ ಅದು ಕಣ್ಣಿಗೇ ಕಟ್ಟುತ್ತದೆ. ತೂಕಕ್ಕೆ ಗುಜರಾತಿಯಲ್ಲಿ ವಜನ್, ಉತ್ತರ ಕರ್ನಾಟಕದವರ ಮನೆಗಳಲ್ಲಿಯೂ ವಜನವೇ. ಎರಡು ಭಾಷೆಗಳ ನಡುವೆ ಬೆಳೆಯುವ ಮಗು, ಹೆಸರು ಬೇರೆಯಾದರೂ ಹೆಸರಿಸಲ್ಪಟ್ಟದ್ದು ಒಂದೇ ಎಂಬುದನ್ನು ಯಾರ ಉಪದೇಶವೂ ಇಲ್ಲದೆ ಕಾಣಬಲ್ಲದು. ಒಂದೇ ಭಾಷೆಯಲ್ಲಿ ಓದುವ ಮಗುವಿಗೆ ಈ ಅನುಕೂಲವಿಲ್ಲ. ಪರಸ್ಥಳದ ಕನ್ನಡಿಗರು ಕೊರತೆಯೆಂದು ಎಣಿಸಿದ ದ್ವಿಭಾಷೆಯ ಬಾಳು ಈ ಒಂದು ವಿಷಯದಲ್ಲಿ ಅವರ ಮಕ್ಕಳ ಬಂಡವಾಳ.

ಶಬ್ದವನ್ನು ಕಟ್ಟಿದರೆ ವಿಜ್ಞಾನ ತಾನಾಗಿ ಬರುತ್ತದೆ ಎಂಬ ನಂಬಿಕೆಗೆ ಎರಡೂ ನಾಡುಗಳಲ್ಲಿ ಗೌರವದ ಚರಿತ್ರೆಯಿದೆ. ಸಯಾಜಿರಾವ್ ಗಾಯಕವಾಡರ ಬರೋಡದಲ್ಲಿ 1890ರಲ್ಲಿ ಕಲಾಭವನ ತೆರೆದಾಗ ಅದರ ಮುಖ್ಯಸ್ಥರಾದ ತ್ರಿಭುವನದಾಸ ಗಜ್ಜರ್ ಅವರು ರಸಾಯನವಿಜ್ಞಾನಿ. ಕೈಕಸುಬಿನ ಶಿಕ್ಷಣ ದೇಶಭಾಷೆಯಲ್ಲೇ ಆಗಬೇಕೆಂದು ಹಟ ಹಿಡಿದವರು. ಅದೇ ಮಹಾರಾಜರು 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಮೊದಲುಮಾಡಿದ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು 1906ರಲ್ಲಿ ಸಂಸ್ಥಾನಕ್ಕೆಲ್ಲ ವಿಸ್ತರಿಸಿದರು. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದರು. ಶಬ್ದಗಳೇ ಇಲ್ಲದ ಕಾಲದಲ್ಲಿ ಶಬ್ದ ಕಟ್ಟಿದವರ ಶ್ರಮವನ್ನು ಇಂದು ಹಗುರವಾಗಿ ಕಾಣುವುದು ಕೃತಘ್ನತೆ. ಆದರೆ ಅವರ ಇದಿರಿಗಿದ್ದವರು ಬಹುಮಟ್ಟಿಗೆ ಓದುಬಲ್ಲ ವಯಸ್ಕರು, ಮಕ್ಕಳಲ್ಲ.

ಮಕ್ಕಳಿಗಾಗಿಯೇ ಬಂದ ದೊಡ್ಡ ಗ್ರಂಥ ಶಿವರಾಮ ಕಾರಂತರ 'ಬಾಲಪ್ರಪಂಚ', 1936ರದು, ಮೂರು ಸಂಪುಟ. ಒಬ್ಬ ವ್ಯಕ್ತಿ ಏಕಾಂಗಿಯಾಗಿ ಕೈಕೊಂಡು ಮುಗಿಸಿದ ವಿಶ್ವಕೋಶವೆಂಬ ಬೆರಗು ಅದರ ಸುತ್ತ ಇಂದಿಗೂ ಇದೆ, ಇರಬೇಕಾದುದೇ. ಆ ಬೆರಗಿನಿಂದಾಗಿ ಅದನ್ನು ಮಕ್ಕಳಿಗೆ ವಿಜ್ಞಾನ ಕಲಿಸುವ ಮಾದರಿಯೆಂದು ಕೊಂಡಾಡುವುದೂ ರೂಢಿಯಾಗಿದೆ. ಈ ಮಾತು ಅಷ್ಟು ಸಲ್ಲದು. ವಿಶ್ವಕೋಶದ ಧರ್ಮ ತಿಳಿಸುವುದು. ಬಲ್ಲವನು ಹೇಳುತ್ತಾನೆ, ಮಗು ಕೇಳುತ್ತದೆ. ಮಗುವಿನ ಕೈಗೆ ಕೆಲಸವಿಲ್ಲ. ಪುತ್ತೂರಿನ ಬಾಲವನದಲ್ಲಿ ಮಕ್ಕಳು ಆಡುತ್ತಾ ಮಾಡುತ್ತಾ ಕಲಿಯಲೆಂದು ಪ್ರಯೋಗ ನಡೆಸಿದವರೂ ಇದೇ ಕಾರಂತರು. ಆ ಬಾಲವನದ ಕಾರಂತರು ಈ ಪುಸ್ತಕದ ಪುಟಕ್ಕೆ ಪೂರ್ತಿಯಾಗಿ ಇಳಿದು ಬರಲಿಲ್ಲವೆನ್ನಬೇಕು. 1959ರಿಂದ 1964ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದ 'ವಿಜ್ಞಾನ ಪ್ರಪಂಚ'ವೂ ಓದಿಸುವ ಗ್ರಂಥವೇ. ಓದುವ ಹಸಿವನ್ನು ಹುಟ್ಟಿಸುವುದು ಸಣ್ಣ ಕೆಲಸವಲ್ಲ. ಆದರೆ ಅದು ಬೇರೆ ಕೆಲಸ.

ಕನ್ನಡದಲ್ಲಿ ಕೈಗೆ ಕೆಲಸ ಕೊಡಬಲ್ಲ ಶಬ್ದಸಂಪತ್ತು ಇಲ್ಲವೇ ಎಂದರೆ, ಶಾಖದ ಪಾಠವೊಂದನ್ನೇ ನೋಡಬಹುದು. ಬಿಸಿ, ಕಾವು, ಝಳ, ಸೆಕೆ, ಧಗೆ, ಬೇಗೆ: ಇವು ಒಂದರ ಬದಲು ಒಂದು ಬರುವ ಪರ್ಯಾಯಪದಗಳಲ್ಲ. ಕೋಳಿ ಕೂರುವುದು ಕಾವಿಗೆ, ಝಳಕ್ಕೆ ಅಲ್ಲ. ಮಂಗಳೂರಿನ ಕಡೆಯಿಂದ ಬಂದು ನೆಲಸಿದ ಮನೆಯ ಮಗು ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿ 'ಸೆಕೆ' ಎನ್ನುತ್ತದೆ, ವಡೋದರಕ್ಕೆ ಮರಳಿ 'ಧಗೆ' ಎನ್ನುತ್ತದೆ. ವಡೋದರದಲ್ಲಿ ಮೇ ತಿಂಗಳ ತಾಪ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ; ಮಂಗಳೂರಿನಲ್ಲಿ ಅದು 34ರ ಆಸುಪಾಸು. ಹಾಗಿದ್ದೂ ಮೈ ಹೆಚ್ಚು ಬೇಯುವುದು ಮಂಗಳೂರಿನಲ್ಲಿ, ಏಕೆಂದರೆ ಅಲ್ಲಿಯ ತೇವದ ಗಾಳಿಯಲ್ಲಿ ಬೆವರು ಆರದು. ಆರಿ ಆವಿಯಾಗುವ ನೀರು ಮೈಯ ಶಾಖವನ್ನು ಕೊಂಡೊಯ್ಯುತ್ತದೆ. ಆರದಿದ್ದರೆ ಶಾಖ ಮೈಯಲ್ಲೇ ಉಳಿಯುತ್ತದೆ. ಫತೇಗಂಜ್‌ನ ಮನೆಯ ಮಣ್ಣಿನ ಮಡಕೆ ಮೇ ತಿಂಗಳಲ್ಲಿ ನೀರನ್ನು ತಣ್ಣಗಿಟ್ಟು, ಮಳೆಗಾಲ ಹಿಡಿದೊಡನೆ ಅದೇ ಕೆಲಸಕ್ಕೆ ಸೋಲುವುದೂ ಇದೇ ಕಾರಣದಿಂದ. ಎರಡು ಊರುಗಳ ಭೌತವಿಜ್ಞಾನವನ್ನು ಭಾಷೆ ಎರಡು ಶಬ್ದಗಳಲ್ಲಿ ಬೇರ್ಪಡಿಸಿ ಇಟ್ಟಿದೆ, ಪಾಠ ಅವನ್ನು ಕೇಳಿಯೇ ಇಲ್ಲ.

ಝಳದ ಮಾತೂ ಹಾಗೆಯೇ. ಸಂಜೆ ಸೂರ್ಯ ಮುಳುಗಿದ ಮೇಲೆ ಪಶ್ಚಿಮದ ಗೋಡೆಗೆ ಅಂಗೈಯನ್ನು ತಾಗಿಸದೆ ಹತ್ತಿರ ಹಿಡಿದರೆ ಹೊಡೆಯುವುದು ಝಳ. ಪುಸ್ತಕದ ವಿಕಿರಣ ಅದೇ. ದೀಪಾವಳಿಯ ಸುರುಸುರುಬತ್ತಿಯ ಕಿಡಿಯ ತಾಪ ಸಾವಿರ ಡಿಗ್ರಿಯ ಸುಮಾರು, ಆದರೂ ಒಂದು ಕಿಡಿ ಕೈಗೆ ಬಿದ್ದರೆ ಚುರುಕ್ ಎಂದಷ್ಟೇ ಆರಿಹೋಗುತ್ತದೆ; ಹಂಡೆಯ ಕುದಿನೀರಿನ ತಾಪ 100 ಡಿಗ್ರಿ, ಅದರಲ್ಲಿ ಕೈಯಿಟ್ಟರೆ ಗತಿಯೇನು? ಕಿಡಿಯಲ್ಲಿ ತಾಪ ಅಧಿಕ, ದ್ರವ್ಯ ಅತ್ಯಲ್ಪವಾದುದರಿಂದ ಶಾಖ ಅತ್ಯಲ್ಪ. ತಾಪ ಮತ್ತು ಶಾಖಗಳ ಭೇದವನ್ನು ಲಕ್ಷಣವಾಕ್ಯ ಸ್ಥಾಪಿಸಲಾರದಷ್ಟು ದೃಢವಾಗಿ ಈ ಕಿಡಿ ಸ್ಥಾಪಿಸುತ್ತದೆ. (ಪಾಠ ಹೇಳುವವರು ಹಂಡೆಯ ಭಾಗವನ್ನು ಬಾಯಿಮಾತಿನಲ್ಲೇ ಮುಗಿಸುವುದು ಕ್ಷೇಮ.)

ಇಂಥ ಕ್ರಮ ದೊಡ್ಡ ಪ್ರಮಾಣದಲ್ಲಿ ನಡೆಯಲಾರದು ಎಂಬ ಆಕ್ಷೇಪಕ್ಕೆ ಗುಜರಾತಿನ ನೆರೆಯಲ್ಲೇ ಉತ್ತರವಿತ್ತು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳ ಆರರಿಂದ ಎಂಟನೆಯ ತರಗತಿಗಳಲ್ಲಿ ಪ್ರಾರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ 1978ರಲ್ಲಿ ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ಹಬ್ಬಿತು. ಅದರ 'ಬಾಲ್ ವೈಜ್ಞಾನಿಕ್' ಓದಿಸುವ ಪುಸ್ತಕವಾಗಿರಲಿಲ್ಲ, ಮಾಡಿಸುವ ಪುಸ್ತಕವಾಗಿತ್ತು. ಮಕ್ಕಳು ಗುಂಪಾಗಿ ಪ್ರಯೋಗ ಮಾಡಿ, ಕಂಡದ್ದನ್ನು ತಮ್ಮ ಮಾತಿನಲ್ಲಿ ಬರೆಯುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕವನ್ನು ತೆರೆದು ನೋಡಬಹುದಾಗಿತ್ತು. 2002ರಲ್ಲಿ ಸರಕಾರದ ಆಜ್ಞೆಯಿಂದ ಕಾರ್ಯಕ್ರಮ ನಿಂತಿತು. ಕರ್ನಾಟಕದಲ್ಲಿ 1978ರಿಂದ ಹೊರಟ 'ಬಾಲವಿಜ್ಞಾನ' ಮಾಸಪತ್ರಿಕೆಗೂ ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಅವರು 1966ರಲ್ಲಿ ನೆಟ್ಟ ಸಮುದಾಯ ವಿಜ್ಞಾನಕೇಂದ್ರಕ್ಕೂ ಒಲವು ಇತ್ತಲೇ; ಆದರೆ ಪತ್ರಿಕೆಯಾಗಲಿ ಕೇಂದ್ರವಾಗಲಿ ತರಗತಿಯ ಕೋಣೆಯಲ್ಲ.

ಪರಸ್ಥಳದ ಕನ್ನಡ ಸಂಘಗಳು ಮಕ್ಕಳಿಗಾಗಿ ನಡೆಸುವ ವಾರದ ಕನ್ನಡ ತರಗತಿಗಳಲ್ಲಿ ಸಾಮಾನ್ಯವಾಗಿ ಇರುವುದು ಅಕ್ಷರಮಾಲೆ, ಹಾಡು, ನಾಟಕ. ಅಲ್ಲಿ ಒಂದು ಗಂಟೆ ಮಡಕೆಗೂ ಗೋಡೆಗೂ ಗಾಳಿಪಟಕ್ಕೂ ಸಂದರೆ ಶಾಲೆಯ ಅಂಕ ಹೆಚ್ಚುತ್ತದೆಯೇ ಎಂದು ಹೆತ್ತವರು ಕೇಳುವುದು ಅನ್ಯಾಯವಲ್ಲ. ಝಳ ಎಂದು ಬರೆದ ಉತ್ತರಕ್ಕೆ ಗುಜರಾತಿನ ಯಾವ ಶಾಲೆಯೂ ಅಂಕ ಕೊಡದು. ಆದರೆ ಅಲ್ಲಿಯ ಗುಜರಾತಿ ಪುಸ್ತಕದಲ್ಲಿ ಆ ಸ್ಥಾನದಲ್ಲಿರುವ ಶಬ್ದವೂ ವಿಕಿರಣವೇ, ಕನ್ನಡ ಪುಸ್ತಕದಲ್ಲಿರುವುದೂ ಅದೇ. ಗೋಡೆಯೆದುರು ಅಂಗೈ ಹಿಡಿದ ಮಗು ಅದನ್ನು ಯಾವ ಲಿಪಿಯಲ್ಲಿ ಬೇಕಾದರೂ ಬರೆದುಕೊಂಡೀತು.